ಕಟ್ ಗ್ಲಾಸ್ ಬಟ್ಟಲು

ಚಿಕ್ಕಪೇಟೆ ಸಂಡೆ ಬಜಾರಲ್ಲಿ ಸಿಕ್ಕಿದ ಹಳೇ ಕಟ್ ಗ್ಲಾಸ್ (ಚಕ್ರಕ್ಕೆ ಹಿಡಿದು ಡಿಸೈನ್ ಕೊರೆದ ಗಾಜು) ಬಟ್ಟಲನ್ನ ಕಿಟಕಿ ಹತ್ರ ಇಟ್ಕೊಂಡು ನೋಡ್ತಾನೇ ಇದೀನಿ, ಬೆರಳಾಡಿಸಿದ್ರೆ ಗೀರುಗಳ ಅಂಚು ಇನ್ನೂ ಚೂಪಾಗಿ ತಾಗುತ್ತೆ. ಅಚ್ಚಲ್ಲಿ ಒತ್ತಿ ಮಾಡಿದ್ದಾದ್ರೆ ಅಂಚು ಮೊಂಡಾಗಿರುತ್ತೆ, ಎಷ್ಟೋ ಸಲ ಅಚ್ಚು ಕೂಡಿದ ಗೆರೆನೂ ಕಾಣುತ್ತೆ.

ಇದನ್ನ ಮಾಡ್ತಿದ್ದ ರೀತಿ ಓದಿದ್ರೆ ಕೈ ಮುಗೀಬೇಕು ಅನ್ಸುತ್ತೆ. ದಪ್ಪ ಗಾಜಿನ ಮೇಲೆ ಡಿಸೈನ್ ಗುರುತು ಹಾಕಿ, ತಿರುಗೋ ಕಬ್ಬಿಣದ ಚಕ್ರಕ್ಕೆ ಮರಳು ನೀರು ಬಿಡ್ತಾ ಆಳವಾಗಿ ಕೊರೆಯೋದು, ಆಮೇಲೆ ಕಲ್ಲಿನ ಚಕ್ರದಲ್ಲಿ ನಯ ಮಾಡೋದು, ಕೊನೆಗೆ ಮರದ ಚಕ್ರದಲ್ಲಿ ಪಾಲಿಶ್. ಬಟ್ಟಲನ್ನ ಮೇಲಿಂದ ಚಕ್ರಕ್ಕೆ ಒತ್ತಿ ಹಿಡಿಯೋದ್ರಿಂದ ಕೊರೆಯೋ ಜಾಗನ ಗಾಜಿನ ಒಳಗಿಂದಲೇ ನೋಡ್ಕೋಬೇಕು, ಕೈ ಒಂಚೂರು ಜಾರಿದ್ರೂ ಅಷ್ಟೂ ಕೆಲಸ ಹಾಳು. ಇಷ್ಟೆಲ್ಲಾ ಮಾಡಿದ ಎಷ್ಟೋ ಜನರ ಹೆಸರು ಎಲ್ಲೂ ಇಲ್ಲ, ಅದೇ ಬೇಜಾರು.

ಇಂಥ ಗಾಜಿನ ಹೊಳಪಿಗೆ ಕಾರಣ ಸೀಸ, ಅಂದ್ರೆ ಲೆಡ್. 1674ರಲ್ಲಿ ಲಂಡನ್ನಲ್ಲಿ ಜಾರ್ಜ್ ರಾವೆನ್ಸ್‌ಕ್ರಾಫ್ಟ್ ಅನ್ನೋರು ಹೊಸ ಥರದ ಗಾಜಿಗೆ ಪೇಟೆಂಟ್ ತಗೊಂಡ್ರು, ಅಲ್ಲಿಂದ ಇಂಗ್ಲೆಂಡಲ್ಲಿ ಸೀಸದ ಗಾಜು ಬೆಳೀತು. ಸೀಸ ಸೇರಿದ್ರೆ ಗಾಜು ಮೆತ್ತಗಾಗಿ ಕೊರೆಯೋಕೆ ಸುಲಭ, ಬೆಳಕನ್ನೂ ಜಾಸ್ತಿ ಬಾಗಿಸುತ್ತೆ.

ಅಮ್ಮ ಆಗ್ಲೇ ನಿಂಬೆಕಾಯಿ ಉಪ್ಪಿನಕಾಯಿ ಹಾಕಿಡೋಣ್ವಾ ಅಂದ್ರು. ಬೇಡ ಅಂದೆ, ಹುಳಿಗೆ ಸೀಸ ಬಿಟ್ಕೊಳ್ಳುತ್ತೆ. ನಿಮ್ಮನೇಲೂ ಇಂಥದ್ದಿದ್ರೆ ಹುಳಿ ಪದಾರ್ಥ ತುಂಬಿಡ್ಬೇಡಿ, ಒಣಗಿದ ಹೂವು ಹಾಕಿಡಿ ಸಾಕು.