ಇಲ್ಲಿಯದ್ದಾ, ಅಲ್ಲಿಯದ್ದಾ?

"ಮಧ್ಯರಾತ್ರಿಗೆ ಎಂತ ಡಾಕ್ಟ್ರು ಮಾರಾಯ್ರೆ, ಅಲ್ಲಿ ಕೋಲ ಉಂಟಾ?"

ಮೊನ್ನೆ ಉಡುಪಿಯ ಅಮ್ಮ ಒಬ್ಬರು ಫೋನಿನಲ್ಲಿ ಕೇಳಿದ್ದು. ನೆನೆದಾಗಲೆಲ್ಲ ನಗು ಬರುತ್ತದೆ. ಮಂಗಳೂರಿನ ಬಿಜೈಯ ನಮ್ಮ ಸಣ್ಣ ಆಫೀಸು ಒಂದು ಕ್ಲಿನಿಕ್ಕಿಗೆ ವಿಡಿಯೋ ಅಪಾಯಿಂಟ್‌ಮೆಂಟಿನ ವ್ಯವಸ್ಥೆ ಮಾಡಿಕೊಟ್ಟಿದೆ. ಸಂಜೆ ಆರೂವರೆಗೆ ಸಿಗಬೇಕಾದ ಡಾಕ್ಟರು ಅಮ್ಮನ ಮೆಸೇಜಿನಲ್ಲಿ ರಾತ್ರಿ ಹನ್ನೆರಡಕ್ಕೆ, ಅದೂ ಮರುದಿನದ ತಾರೀಕಿನಲ್ಲಿ ಕೂತಿದ್ದರು. ಮಸ್ಕತ್ತಿನ ಮಗನಿಗೆ ರಾತ್ರಿ ಹತ್ತೂವರೆ.

ಕ್ಲಿನಿಕ್ಕಿನ ಫೈಲಿನಲ್ಲಿದ್ದದ್ದು ತಾರೀಕು ಮತ್ತು ಬರೀ 18:30. ಯಾವ ಊರಿನದ್ದೆಂದು ಇಲ್ಲ. ಕಂಪ್ಯೂಟರು ಸಮಯವನ್ನು ಸೆಕೆಂಡುಗಳ ಒಂದೇ ಸಂಖ್ಯೆಯಾಗಿ ಎಣಿಸುವ ಯುನಿಕ್ಸ್ ಟೈಮ್ ಲೆಕ್ಕ 1970ರ ಜನವರಿ 1ರ ಯುಟಿಸಿ (ಎಲ್ಲ ದೇಶಗಳ ಗಡಿಯಾರಕ್ಕೂ ಆಧಾರವಾದ ಸಮಯ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ) ಮಧ್ಯರಾತ್ರಿಯಿಂದ ಶುರು. ಊರು ಹೇಳದಿದ್ದರೆ ನಾವು ಕೋಡ್ ಬರೆಯುವ ಪೈಥಾನ್ ಭಾಷೆ ತಾನು ಓಡುವ ಮೆಷಿನ್ನಿನ ಗಡಿಯಾರವನ್ನೇ ನಂಬುತ್ತದೆ. ನಮ್ಮ ಸರ್ವರ್ ಯುಟಿಸಿಯಲ್ಲಿತ್ತು. ಲ್ಯಾಪ್‌ಟಾಪಿನ ಸಂಖ್ಯೆಯನ್ನೂ ಸರ್ವರಿನದ್ದನ್ನೂ ಪಕ್ಕಪಕ್ಕ ಇಟ್ಟು ಕಳೆದೆ: 19,800. ಸರಿಯಾಗಿ ಐದೂವರೆ ಗಂಟೆಯ ಸೆಕೆಂಡು.

ಕೋಡ್ ಬರೆದ ಹುಡುಗ ಜಾಣ, ಆದರೆ ಕೇಳುವ ಅಭ್ಯಾಸ ಇಲ್ಲ. "ನನ್ನ ಲ್ಯಾಪ್‌ಟಾಪಲ್ಲಿ ಸರಿ ಬರ್ತದೆ ಸರ್" ಎಂದ. ಬರದೆ ಏನು, ಅದು ಬಿಜೈಯಲ್ಲೇ ಉಂಟಲ್ಲ! ಆಮೇಲೆ ಸಮಯದ ಕೊನೆಗೆ, ಭಾರತೀಯ ಸಮಯ ಎಂಬ ಅರ್ಥದಲ್ಲಿ, 'ಐಎಸ್‌ಟಿ' ಅಂಟಿಸಿದ. ಅದು ಇಸ್ರೇಲಿನದ್ದೂ ಹೌದು, ಐರ್ಲೆಂಡಿನ ಬೇಸಿಗೆಯದ್ದೂ ಹೌದು. "ಹಾಗಾದ್ರೆ ಎಲ್ಲದರಲ್ಲೂ ಐದೂವರೆ ಕಳೆದುಬಿಡ್ತೇನೆ" ಎಂದ. ಅದೂ ಯಾವಾಗಲೂ ಸರಿಯಲ್ಲ: ಯುದ್ಧಕಾಲದಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು, ಆರೂವರೆ ಕಳೆಯಬೇಕು. ಆಗ ಹುಟ್ಟಿದವರ ಜಾತಕ ಬರೆಯುವವರಿಗೆ ಇದು ಗೊತ್ತು. 'ಏಷ್ಯಾ/ಕೋಲ್ಕತಾ' ಅಂತ ಊರನ್ನೇ ಕೊಟ್ಟರೆ ಆ ಚರಿತ್ರೆಯನ್ನೆಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತದೆ.

ಸರಿಮಾಡಿ ಅಮ್ಮನಿಗೆ ಫೋನ್ ಮಾಡಿದೆ.

"ಆರೂವರೆಗೆ, ಅಮ್ಮ."

"ಇಲ್ಲಿಯದ್ದಾ, ಮಗನ ಅಲ್ಲಿಯದ್ದಾ?"

"ಇಲ್ಲಿಯದ್ದು."

"ಹಾಗಾದ್ರೆ ಅವನಿಗೆ ಐದು. ಡ್ಯೂಟಿ ಬಿಟ್ಟಿರುದಿಲ್ಲ, ಏಳೂವರೆ ಮಾಡ್ಲಿಕ್ಕೆ ಆಗ್ತದಾ?"

ಉಸಿರು ಎಳೆದುಕೊಳ್ಳುವಷ್ಟರಲ್ಲಿ ಲೆಕ್ಕ ಮುಗಿದಿತ್ತು. ಅಮ್ಮ ಮೊದಲು ಕೇಳಿದ್ದನ್ನು ನಮ್ಮಲ್ಲಿ ಇಂಜಿನಿಯರಿಂಗ್ ಓದಿದವರೊಬ್ಬರೂ ಕ್ಲಿನಿಕ್ಕಿನವರಲ್ಲಿ ಕೇಳಿರಲಿಲ್ಲ. ಈ ಕರಾವಳಿಯಲ್ಲಿ ಗಲ್ಫಿಗೆ ಮಕ್ಕಳನ್ನು ಕಳಿಸಿದ ಮನೆಗಳಿಗೆ ಲೆಕ್ಕ ಇಲ್ಲ. ಕುವೈಟಿಗೆ ಎರಡೂವರೆ, ದುಬೈಗೆ ಒಂದೂವರೆ ಅಂತ ಅಡುಗೆಮನೆಯಲ್ಲೇ ಬಾಯಿಪಾಠ. ಮಗ ಎದ್ದಿರುತ್ತಾನಾ, ಊಟಕ್ಕೆ ಕೂತಿರುತ್ತಾನಾ ಎಂದು ಲೆಕ್ಕ ಹಾಕದೆ ಅಲ್ಲಿ ಯಾರೂ ಫೋನ್ ಎತ್ತಿಕೊಳ್ಳುವುದಿಲ್ಲ. ನಾವು ಮಾತ್ರ ಗಂಟೆಯೊಂದು ಸಿಕ್ಕಿದರೆ ಸಾಕು, ಸಂಖ್ಯೆ ಮಾಡಿ ಒಳಗೆ ತುಂಬಿಸುತ್ತೇವೆ.

ಈಗ ಕ್ಲಿನಿಕ್ಕಿನ ಫಾರ್ಮಿನಲ್ಲಿ ಊರು ಕೇಳುವ ಜಾಗವೊಂದು ಸೇರಿದೆ. "ಅದು ಕಡ್ಡಾಯ ಬೇಡ ಅಲ್ವಾ ಸರ್?" ಎಂದು ಹುಡುಗ ಕೇಳಿದ.

ಬೇಕು ಎಂದೆ.