ಪೆನ್‌ಡ್ರೈವ್ ಹಿಡಿದು ಲ್ಯಾಪ್‌ಟಾಪ್ ಅಂಗಡಿಗೆ

ಕೈಯಲ್ಲಿ ಇದ್ದದ್ದು 18 ಸಾವಿರ. ಹೊಸದು ಬರುವುದಿಲ್ಲ. ಧಾರವಾಡದಿಂದ ಬಸ್ ಹತ್ತಿ ಹುಬ್ಬಳ್ಳಿಯ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದಕ್ಕೆ ಹೋದೆ. ಜೇಬಿನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್) ತುಂಬಿದ ಪೆನ್‌ಡ್ರೈವ್. ಯಂತ್ರ ಅದರಲ್ಲಿ ಸರಿಯಾಗಿ ಓಡುತ್ತದೆಯೇ ಅಂತ ಕೊಳ್ಳುವ ಮೊದಲೇ ನೋಡಬೇಕಿತ್ತು.

'ಅಣ್ಣಾ, ಇದ್ರಿಂದ ಚಾಲೂ ಮಾಡಿ ನೋಡ್ಲೇನ್ರಿ?'

'ನೋಡ್ರಿ, ಅದಕ್ಕೇನು.'

ಮೊದಲನೆಯದರಲ್ಲಿ ವೈಫೈ ಬರಲೇ ಇಲ್ಲ. ಬೇಡ ಅಂದೆ. ಎರಡನೆಯದು ಥಿಂಕ್‌ಪ್ಯಾಡ್ ಟಿ480, 2018ರ ಮಾಡೆಲ್. ನನ್ನ ಮೊಬೈಲ್ ಹಾಟ್‌ಸ್ಪಾಟ್ ತಕ್ಷಣ ಕಾಣಿಸಿತು. ಮುಚ್ಚಳ ಮುಚ್ಚಿ ತೆರೆದೆ, ನಿದ್ದೆಯಿಂದ (ಸ್ಲೀಪ್) ಸರಿಯಾಗಿ ಎದ್ದಿತು. ಇದನ್ನು ಮಾತ್ರ ಅಂಗಡಿಯಲ್ಲೇ ನೋಡಿಬಿಡಬೇಕು. ಬ್ಯಾಟರಿ ಎರಡು: ಒಂದು ಒಳಗೆ, ಒಂದು ಹೊರಗೆ. ಹೊರಗಿನದನ್ನು ಯಂತ್ರ ಓಡುತ್ತಿರುವಾಗಲೇ ಬದಲಿಸಬಹುದು. ರ‍್ಯಾಮ್ ಸ್ಲಾಟೂ ಎರಡು, ಮುಂದೆ ಜಾಸ್ತಿ ಮಾಡಿಕೊಳ್ಳಬಹುದು.

ಸ್ಪೇಸ್‌ಬಾರ್ ಮಧ್ಯದಲ್ಲಿ ಸವೆದು ಹೊಳೆಯುತ್ತದೆ. ಯಾರದೋ ಹೆಬ್ಬೆರಳಿನ ಗುರುತು. ನನಗೆ ಅದೂ ಇಷ್ಟವಾಯಿತು.