ಬೆಳಿಗ್ಗೆ ಹನ್ನೆರಡು ಗಂಟೆಯ ಬಸ್ಸು: ಮೋಶಿಯಲ್ಲಿ ಗಂಟು ಕಟ್ಟಿದ ಒಂದು ದಿನ

ಟಿಕೆಟ್ ಮೇಲೆ 'ಸಾ 12 ಅಸುಬುಹಿ' ಎಂದು ಬರೆದಿತ್ತು. ಸಾ ಎಂದರೆ ಗಂಟೆ, ಅಸುಬುಹಿ ಎಂದರೆ ಬೆಳಿಗ್ಗೆ. ಬೆಳಿಗ್ಗೆ ಹನ್ನೆರಡು ಗಂಟೆ! ಹತ್ತು ದಿನ ಮೊದಲಾಗಿದ್ದರೆ 'ಮಧ್ಯಾಹ್ನ ಅನ್ನೋಕೆ ಹೀಗೆ ಬರೆದಿದ್ದಾರೆ, ಆರಾಮಾಗಿ ಊಟ ಮಾಡಿ ಹೊರಡೋಣ' ಅಂತ ಮಲಗಿಬಿಡುತ್ತಿದ್ದೆ. ಬಸ್ಸು ಬೆಳಿಗ್ಗೆ ಆರಕ್ಕೇ ಹೋಗಿರುತ್ತಿತ್ತು.

ತಾಂಜಾನಿಯಾದಲ್ಲಿ ಸ್ವಾಹಿಲಿ ಮಾತಾಡುವವರು ಗಂಟೆ ಎಣಿಸುವುದು ಹೊತ್ತು ಹುಟ್ಟಿದ ಮೇಲಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು. ನಮ್ಮ ಹತ್ತು ಅವರಿಗೆ ನಾಲ್ಕು. ಆರು ಕಳೆದರೆ ಅಥವಾ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ನಾನಿದನ್ನು ಕಲಿತದ್ದು ಮಾನ ಕಳೆದುಕೊಂಡು. ಬಂದ ಮೊದಲ ವಾರ ಒಂದು ಚರ್ಚಿನ ಸಭೆಯ ಹಿರಿಯರು 'ನಾಲ್ಕು ಗಂಟೆಗೆ ಬನ್ನಿ' ಅಂದಿದ್ದರು. ನಾವು ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿಕೊಂಡು ಸಂಜೆ ನಾಲ್ಕಕ್ಕೆ ಸರಿಯಾಗಿ ಹೋದೆವು. ಅವರು ಬೆಳಿಗ್ಗೆ ಹತ್ತರಿಂದ ಕಾದು, ನಮಗಾಗಿ ಮಾಡಿದ ಅಡುಗೆ ಆರಿಹೋಗಿ, ಅರ್ಧ ಜನ ಮನೆಗೆ ಹೋಗಿದ್ದರು. ಉಳಿದವರು ನಕ್ಕು ಮತ್ತೆ ಚಹಾ ಕಾಯಿಸಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು.

ಹಾಗಾಗಿ ಈ ಕಡೆಗೆ ಹೊರಡುವವರಿಗೆ ನನ್ನ ಮೊದಲ ಮಾತು: ಯಾರು ಯಾವ ಹೊತ್ತು ಹೇಳಿದರೂ 'ಸ್ವಾಹಿಲಿ ಗಂಟೆಯೋ, ಇಂಗ್ಲಿಷ್ ಗಂಟೆಯೋ' ಎಂದು ಕೇಳಿ. ನಾಚಿಕೆ ಬೇಡ. ಅವರೂ ಕೇಳುತ್ತಾರೆ.

ನಾವು ಇಬ್ಬರು. ನಾನು ಕೆಜಿಎಫ್ ಕಡೆಯವನು. ಲೂಥರನ್ ಸಭೆಯ ಕೆಲಸದಲ್ಲಿ ಹಲವು ವರ್ಷದಿಂದ ಇದ್ದೇನೆ. ಜೊತೆಗಿದ್ದವರು ನಮ್ಮ ಹಿರಿಯ ಅಯ್ಯನವರು, ಅಂದರೆ ಪಾದ್ರಿಗಳು. ನಿವೃತ್ತಿಯಾದರೂ ಪ್ರಸಂಗ ಬಿಟ್ಟಿಲ್ಲ, ಸಕ್ಕರೆ ಕಾಯಿಲೆ ಅವರನ್ನು ಬಿಟ್ಟಿಲ್ಲ. ತಾಂಜಾನಿಯಾದ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಜಗತ್ತಿನ ಅತಿ ದೊಡ್ಡ ಲೂಥರನ್ ಸಭೆಗಳಲ್ಲಿ ಒಂದು. 1963ರಲ್ಲಿ ಏಳು ಸಭೆಗಳು ಸೇರಿ ಒಂದಾದದ್ದು. ಕಿಲಿಮಂಜಾರೋ ಬುಡದ ಮೋಶಿಯ ಸುತ್ತಮುತ್ತಲ ಸಭೆಗಳನ್ನು ನೋಡಿ ಮುಗಿಸಿದ್ದೆವು. ಇನ್ನು ಉಸಾಂಬರಾ ಬೆಟ್ಟಗಳಲ್ಲಿರುವ ಲುಶೋಟೊಗೆ ಹೋಗಬೇಕು. ನಡುವೆ ಸಿಕ್ಕ ಶುಕ್ರವಾರ ಪೂರ್ತಿ ತಯಾರಿಗೆ. ಸುಮ್ನೆ ಒಂದು ದಿನ ದಂಡ ಅಂದುಕೊಂಡಿದ್ದೆ. ಈಗ ಕೇಳಿದರೆ, ಅಂಥ ಒಂದು ದಿನ ಇಟ್ಟುಕೊಳ್ಳದೆ ಯಾರೂ ಹೊರಡಬೇಡಿ ಅನ್ನುತ್ತೇನೆ.

ಬೆಳಿಗ್ಗೆ ಮೊದಲ ಕೆಲಸ ಬಟ್ಟೆ. ಜುಲೈ ತಿಂಗಳು, ಮಳೆ ಇಲ್ಲ, ದಾರಿ ತುಂಬ ಕೆಂಪು ಧೂಳು. ಅಯ್ಯನವರ ಬಿಳಿ ನಿಲುವಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅತಿಥಿಗೃಹದ ಹೆಂಗಸು ಒಗೆದು ಕೊಟ್ಟರು. ಇಸ್ತ್ರಿಗೆ ಕರೆಂಟ್ ಇರಲಿಲ್ಲ. ಆಕೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ತಂದರು. ನಮ್ಮ ಬೀದಿ ಮೂಲೆಯ ಇಸ್ತ್ರಿ ಬಂಡಿಯಲ್ಲಿ ಇರುತ್ತದಲ್ಲ, ಅಂಥದೇ. ಬಂದವರ ಬಟ್ಟೆ ನೋಡುತ್ತಾರೆ ಅನ್ನುವುದು ನೆನಪಿರಲಿ. ಭಾನುವಾರ ಹಳ್ಳಿಯ ಬಡವರೂ ಮಡಿಚಿದ ಗೆರೆ ಕಾಣುವ ಅಂಗಿ ಹಾಕಿಕೊಂಡು ಬರುತ್ತಾರೆ. ಪ್ರವಾಸಿಗರ ಹಾಗೆ ಚಡ್ಡಿ, ಟೀ ಶರ್ಟ್‌ನಲ್ಲಿ ಆರಾಧನೆಗೆ ಹೋದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಬೇಜಾರು ಮಾಡಿಕೊಳ್ಳುತ್ತಾರೆ. ಲುಶೋಟೊ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಜುಲೈನಲ್ಲಿ ರಾತ್ರಿ ಮಡಿಕೇರಿಯ ಚಳಿ. ಆಫ್ರಿಕಾ ಎಂದರೆ ಬಿಸಿಲು ಅಂತ ಸ್ವೆಟರ್ ಬಿಟ್ಟು ಬರಬೇಡಿ.

ಆಮೇಲೆ ದುಡ್ಡು. ಡಾಲರ್ ತರುವವರು ನೋಟಿನ ಮೇಲಿನ ವರ್ಷ ನೋಡಿ. 2006ಕ್ಕಿಂತ ಹಳೆಯ ನೋಟು ಇಲ್ಲಿ ನಡೆಯುವುದಿಲ್ಲ. ನನ್ನ ಹತ್ತಿರವಿದ್ದ ಒಂದು ನೂರರ ನೋಟು ಹಾಗೇ ವಾಪಸ್ ಬಂತು. ಅದನ್ನು ಇಡೀ ಪ್ರವಾಸ ಫೋಟೋ ಥರ ಹೊತ್ತು ತಿರುಗಿದೆ. ನಾವು ಹೋದಾಗ ಒಂದು ರೂಪಾಯಿಗೆ ಹೆಚ್ಚುಕಡಿಮೆ 30 ಶಿಲ್ಲಿಂಗ್. ದೊಡ್ಡ ಮೊತ್ತಕ್ಕೆ ಅವರು 'ಲಾಕಿ' ಅನ್ನುತ್ತಾರೆ. ಲಾಕಿ ಮೋಜಾ ಎಂದರೆ ಒಂದು ಲಕ್ಷ. ನಮ್ಮ ಲಕ್ಷವೇ ಹಡಗು ಹತ್ತಿ ಹೋಗಿ ಅಲ್ಲಿ ನೆಲೆಸಿದ್ದು. ಪೆಸಾ ಎಂದರೆ ದುಡ್ಡು, ಗಾರಿ ಎಂದರೆ ಗಾಡಿ, ಚಪಾತಿ ಎಂದರೆ ಚಪಾತಿ. ಅರ್ಧ ಸ್ವಾಹಿಲಿ ಬಂದೇಬಿಟ್ಟಿತು ಅನ್ನಿಸುತ್ತದೆ. ಬಂದಿರುವುದಿಲ್ಲ.

ಚಿಲ್ಲರೆ ನೋಟು ಬೇಕೇ ಬೇಕು, ಅದೂ ಜಾಸ್ತಿ. ಯಾಕೆಂದರೆ ಆರಾಧನೆ ಮುಗಿದ ಮೇಲೆ ಹೊರಗೆ ಹರಾಜು ನಡೆಯುತ್ತದೆ. ಹಣ ಇಲ್ಲದವರು ಕಾಣಿಕೆಗೆ ಬಾಳೆಗೊನೆ, ಮೊಟ್ಟೆ, ಕೋಳಿ, ಕಬ್ಬು ತಂದಿರುತ್ತಾರೆ. ಅದನ್ನೆಲ್ಲ ಗುಡಿಯ ಅಂಗಳದಲ್ಲೇ ಕೂಗಿ ಮಾರುತ್ತಾರೆ. ನಮ್ಮ ಸಭೆಗಳ ಬೆಳೆ ಹಬ್ಬದ ಹರಾಜು ಗೊತ್ತಲ್ವಾ, ಅದೇ ಗದ್ದಲ, ಅದೇ ನಗು. ನಮ್ಮಲ್ಲಿ ವರ್ಷಕ್ಕೊಮ್ಮೆ, ಅಲ್ಲಿ ಎಷ್ಟೋ ಕಡೆ ವಾರವಾರ. ಅತಿಥಿ ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ. ಅಯ್ಯನವರು ಒಂದು ಹುಂಜ ಕೂಗಿ, ಗೆದ್ದು, ಅದನ್ನು ಸಭೆಯ ವಿಧವೆಯೊಬ್ಬರಿಗೆ ಕೊಟ್ಟುಬಿಟ್ಟರು. ಹೀಗೆ ಮಾಡಿದರೆ ಎಲ್ಲರಿಗೂ ಖುಷಿ, ನಿಮಗೂ ಕೋಳಿ ಹೊರುವ ಕಷ್ಟ ಇಲ್ಲ.

ಹತ್ತು ಗಂಟೆಗೆ, ಅಂದರೆ ಅವರ ನಾಲ್ಕಕ್ಕೆ, ಫೋನಿನ ಅಂಗಡಿ. ಸಿಮ್‌ಗೆ ಪಾಸ್‌ಪೋರ್ಟ್ ಬೇಕು, ಬೆರಳಚ್ಚೂ ಕೊಡಬೇಕು. ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಇಲ್ಲಿ ಗೂಡಂಗಡಿಯವರೆಗೂ ಇದೆ. ಚಾರ್ಜರ್‌ಗೆ ಚಪ್ಪಟೆ ಮೂರು ಕಡ್ಡಿಯ ಅಡಾಪ್ಟರ್ ಬೇಕು, ನಮ್ಮ ಗುಂಡು ಪಿನ್ ಸಾಮಾನ್ಯವಾಗಿ ಕೂರುವುದಿಲ್ಲ.

ಮಾತ್ರೆಗಳ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಅಯ್ಯನವರು ಊರಿಂದ ಹೊರಡುವಾಗ ಎಲ್ಲ ಮಾತ್ರೆಯನ್ನೂ ಸ್ಟ್ರಿಪ್‌ನಿಂದ ಬಿಡಿಸಿ ಒಂದೇ ಡಬ್ಬಿಗೆ ಸುರಿದಿದ್ದರು. 'ಜಾಗ ಉಳಿಯುತ್ತೆ ಕಣಪ್ಪಾ' ಅಂತ. ಈಗ ಯಾವುದು ಸಕ್ಕರೆಗೆ, ಯಾವುದು ಬಿಪಿಗೆ ಎಂದು ಇಬ್ಬರೂ ಮಂಚದ ಮೇಲೆ ಕೂತು ಬಣ್ಣ ನೋಡಿ ಬೇರೆ ಮಾಡಿದೆವು. ಒಂದೆರಡು ಗೊತ್ತೇ ಆಗಲಿಲ್ಲ. ಮಗಳಿಗೆ ವಿಡಿಯೋ ಕಾಲ್ ಮಾಡಿ ಬೈಸಿಕೊಂಡು ತಿಳಿದುಕೊಂಡೆವು. ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ, ವೈದ್ಯರ ಚೀಟಿ ಜೊತೆಗಿರಲಿ, ಎರಡೂ ಕೈಚೀಲದಲ್ಲಿರಲಿ. ಮಲೇರಿಯಾ ಮಾತ್ರೆ ಯಾವುದು, ಎಷ್ಟು ದಿನ ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು: ಆರಾಧನೆ ಮೂರು ಗಂಟೆ ನಡೆದೀತು, ಊಟ ಅದಾದ ಮೇಲೆ ಯಾವಾಗಲೋ. ಜೇಬಿನಲ್ಲಿ ಏನಾದರೂ ಇಟ್ಟುಕೊಂಡಿರಿ. ನಾವು ಕಡಲೆಕಾಯಿ ಬೀಜ ಕೊಂಡೆವು. ದಾರಿ ಉದ್ದಕ್ಕೂ ಸಿಗುತ್ತದೆ.

ಹಳದಿ ಜ್ವರದ ಚುಚ್ಚುಮದ್ದಿನ ಕಾರ್ಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನೀವು ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಬಂದು ಹೋಗುವವರಾದರೆ ಚುಚ್ಚಿಸಿಕೊಂಡೇ ಹೊರಡಿ. ಕಾರ್ಡ್ ಚಾಲ್ತಿಗೆ ಬರುವುದು ಚುಚ್ಚುಮದ್ದಿನ ಹತ್ತು ದಿನದ ಮೇಲೆ, ಆದ್ದರಿಂದ ಕೊನೆ ವಾರಕ್ಕೆ ಬಿಡಬೇಡಿ. ಒಮ್ಮೆ ಹಾಕಿಸಿದರೆ ಜೀವನ ಪೂರ್ತಿ ಸಾಕು. ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ, ಸಾಮಾನ್ಯ ವೀಸಾಕ್ಕೆ ನಾವು ಕೊಟ್ಟದ್ದು 50 ಡಾಲರ್. ಆದರೆ ಸುಮ್ಮನೆ ನೋಡಿಬರುವುದು ಬೇರೆ, ಪಾಠ ಹೇಳುವುದು, ಕೆಲಸ ಮಾಡುವುದು ಬೇರೆ. ನಿಮ್ಮ ಕಾರ್ಯಕ್ರಮ ಏನೆಂದು ಕರೆದ ಸಭೆಗೆ ಮೊದಲೇ ಬರೆದು, ಯಾವ ವೀಸಾ ಬೇಕೆಂದು ಅವರಿಂದಲೇ ತಿಳಿದುಕೊಳ್ಳಿ.

ಮಧ್ಯಾಹ್ನ ಊಟಕ್ಕೆ ಉಗಾಲಿ, ಸೊಪ್ಪು. ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಕೋಲಾರದವನಿಗೆ ಇದಕ್ಕಿಂತ ಸಮಾಧಾನ ಬೇಕೇ? ಆದರೆ ನಾನು ನುಂಗಲು ಹೋದರೆ ಅವರು ಅಗಿಯಿರಿ ಅನ್ನುತ್ತಾರೆ.

ಊಟವಾದ ಮೇಲೆ ಚೀಲ. ದೊಡ್ಡ ಸೂಟ್‌ಕೇಸ್‌ಗಳನ್ನು ಮೋಶಿಯಲ್ಲೇ ಬಿಟ್ಟು ಒಬ್ಬೊಬ್ಬರು ಒಂದೇ ಚೀಲ ಒಯ್ಯುವುದೆಂದು ತೀರ್ಮಾನವಾಯಿತು. ಆಗ ಗೊತ್ತಾಯಿತು ನಾವು ಏನೆಲ್ಲ ದಂಡಕ್ಕೆ ಹೊತ್ತು ತಂದಿದ್ದೇವೆ ಅಂತ. ಹಂಚಲು ತಂದ ಹಳೆ ಬಟ್ಟೆಗಳ ಒಂದು ಗಂಟು: ಇಲ್ಲಿ ಪ್ರತಿ ಸಂತೆಯಲ್ಲೂ 'ಮಿತುಂಬಾ' ಅಂತ ಹೊರದೇಶದ ಹಳೆ ಬಟ್ಟೆಯ ರಾಶಿಯೇ ಇರುತ್ತದೆ, ನಮ್ಮದು ಯಾರಿಗೂ ಬೇಡ. ಎರಡು ಕೆಜಿ ಚಿಕ್ಕಮಗಳೂರಿನ ಕಾಫಿಪುಡಿ: ಕಿಲಿಮಂಜಾರೋ ಕಾಫಿ ಬೆಳೆಯುವ ಊರಿಗೆ! ಕೊಟ್ಟ ಮನೆಯ ಅಮ್ಮ ನಗುತ್ತಾ ತಮ್ಮ ಹಿತ್ತಲಿನ ಕಾಫಿ ಗಿಡ ತೋರಿಸಿದರು. ಆಮೇಲೆ ಕುಡಿಯಲು ಕೊಟ್ಟದ್ದು ಚಹಾ. ಗಂಧದ ಸೋಪು ಮಾತ್ರ ಎಲ್ಲ ಕಡೆ ಗೆದ್ದಿತು. ಹಗುರ, ಒಡೆಯುವುದಿಲ್ಲ, ಚೀಲಕ್ಕೂ ಘಮ. ಇನ್ನೊಂದು ಎಚ್ಚರಿಕೆ: 2019ರ ಜೂನ್ 1ರಿಂದ ಇಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಇದೆ, ಪ್ರವಾಸಿಗರಿಗೂ ಸೇರಿ. ಬಟ್ಟೆ ಸುತ್ತುವ ಕವರ್, ಚಪ್ಪಲಿ ಕವರ್ ಎಲ್ಲ ಮನೆಯಲ್ಲೇ ಬಿಡಿ. ಬಟ್ಟೆ ಚೀಲ, ಸ್ಟೀಲ್ ಡಬ್ಬಿ ಸಾಕು. ಚಟ್ನಿಪುಡಿ ಡಬ್ಬಿಯಲ್ಲೇ ಚೆನ್ನಾಗಿರುತ್ತದೆ.

ಇಷ್ಟೆಲ್ಲ ಮಾಡಿ, ಅಯ್ಯನವರು ಅಂದರು: 'ಚೀಲ ಕಟ್ಟಿದ್ದಾಯ್ತು. ಮಾತು ಕಟ್ಟಿಕೊಂಡಿದ್ದೀಯೇನಪ್ಪಾ?'

ನಿಜವಾದ ತಯಾರಿ ಇದೇ. ಅಲ್ಲಿ ಅತಿಥಿ ಎಂದ ಮೇಲೆ ಎದ್ದು ನಿಂತು 'ಸಲಾಮು' ಹೇಳಲೇಬೇಕು, ಅಂದರೆ ನಿಮ್ಮ ಊರಿನ ಸಭೆಯ ವಂದನೆ. 'ಬ್ವಾನಾ ಅಸಿಫಿವೆ' ಎಂದು ಶುರು ಮಾಡಿ, ಕರ್ತನಿಗೆ ಸ್ತೋತ್ರ ಎಂದರ್ಥ. ಇಡೀ ಸಭೆ 'ಆಮಿನಾ' ಅನ್ನುತ್ತದೆ. ಆಮೇಲೆ ಮೂರು ನಿಮಿಷ, ಚಿಕ್ಕ ವಾಕ್ಯ, ಅನುವಾದ ಮಾಡುವವರಿಗೆ ಉಸಿರಾಡಲು ಬಿಡುವು. ದಾರಿಯಲ್ಲಿ ಹಿರಿಯರು ಕಂಡರೆ 'ಶಿಕಾಮೋ' ಅನ್ನಿ. ಅವರು 'ಮರಹಬಾ' ಅನ್ನುವವರೆಗೆ ನಿಲ್ಲಿ. ನಮ್ಮಲ್ಲಿ ದೊಡ್ಡವರ ಕಾಲು ಮುಟ್ಟಿದಷ್ಟೇ ಬೆಲೆ ಅದಕ್ಕೆ.

ಅಯ್ಯನವರ ಸಲಾಮು ಚೆನ್ನಾಗಿತ್ತು. ಕಿಲಿಮಂಜಾರೋ ಬುಡಕ್ಕೆ 1893ರಲ್ಲಿ ಬಂದದ್ದು ಜರ್ಮನಿಯ ಲೈಪ್ಸಿಗ್ ಮಿಷನ್. ಅದಕ್ಕಿಂತ ಮೊದಲೇ ತಮಿಳುನಾಡಿನ ತರಂಗಂಬಾಡಿಯ ಹಳೆಯ ಲೂಥರನ್ ಸಭೆಗಳನ್ನು ನೋಡಿಕೊಳ್ಳಲು ನಮ್ಮ ಕಡೆಗೂ ಬಂದದ್ದು ಅದೇ ಮಿಷನ್. 'ನಾವು ಒಂದೇ ಬಸ್ಸಿನಲ್ಲಿ ಬಂದ ದಾಯಾದಿಗಳು' ಎಂದು ಅವರು ಹೇಳಿದಾಗ ಮೋಶಿಯ ಸಭೆ ಬಿದ್ದು ಬಿದ್ದು ನಕ್ಕಿತ್ತು. ಆದರೆ ಲುಶೋಟೊ ಕಡೆ ಈ ಮಾತು ಹೊಂದುವುದಿಲ್ಲ. ಉಸಾಂಬರಾಕ್ಕೆ 1891ರಲ್ಲಿ ಬಂದದ್ದು ಬೇರೆ ಮಿಷನ್, ಬೆಥೆಲ್‌ನವರು. ಅದನ್ನು ಅತಿಥಿಗೃಹದ ಪಾಸ್ಟರೊಬ್ಬರು ತಿದ್ದಿದರು. ಅಯ್ಯನವರು ಕೂತು ಬೇರೆ ಬರೆದರು. ಒಂದೇ ಭಾಷಣ ಎಲ್ಲ ಕಡೆ ಓಡಿಸಬೇಡಿ. ಅವರವರ ಊರಿನ ಕಥೆ ಅವರವರಿಗೆ ಗೊತ್ತಿರುತ್ತದೆ.

ಆ ಪಾಸ್ಟರೇ ಇನ್ನೊಂದು ಹೇಳಿದರು. ನಾನು ಹಿಂದಿನ ವಾರ ಒಂದು ಕಡೆ, ಗುಡಿಗೆ ತಗಡು ಹಾಕಿಸಲು ಸಹಾಯ ಕೇಳಿದಾಗ 'ನೋಡೋಣ' ಅಂದಿದ್ದೆ. ನಮ್ಮಲ್ಲಿ 'ನೋಡೋಣ' ಎಂದರೆ ಮುಕ್ಕಾಲು ಪಾಲು 'ಆಗಲ್ಲ'. ಅದು ಸ್ವಾಹಿಲಿಗೆ ಹೋಗುವಷ್ಟರಲ್ಲಿ 'ಅವರು ನೋಡಿಕೊಳ್ಳುತ್ತಾರೆ' ಆಗಿಬಿಟ್ಟಿತ್ತಂತೆ. ಸಭೆಯವರು ತಗಡಿನ ರೇಟು ವಿಚಾರಿಸಲು ಶುರು ಮಾಡಿದ್ದರು. ಶುಕ್ರವಾರ ಮಧ್ಯಾಹ್ನದ ಒಂದು ಗಂಟೆ ಅದನ್ನು ಸರಿಪಡಿಸುವ ಫೋನಿಗೇ ಹೋಯಿತು. ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಇಲ್ಲ ಎಂದು ಮರ್ಯಾದೆಯಿಂದ ಹೇಳುವುದನ್ನು ಅಭ್ಯಾಸ ಮಾಡಿಕೊಂಡು ಹೋಗಿ. ಕೊಡುವುದಿದ್ದರೆ ಒಬ್ಬರ ಕೈಗೆ ಕೊಡಬೇಡಿ. ಸಭೆಯ ಖಜಾಂಚಿಗೆ ಕೊಟ್ಟು ರಸೀದಿ ಪಡೆಯಿರಿ. ಭೇಟಿಯನ್ನೂ ಹಾಗೆಯೇ ಮೇಲಿಂದ ಗೊತ್ತು ಮಾಡಿಕೊಳ್ಳಿ. ಮೊದಲು ಡಯೋಸಿಸ್, ಅಂದರೆ ಆ ಭಾಗದ ಸಭೆಗಳನ್ನೆಲ್ಲ ನೋಡಿಕೊಳ್ಳುವ ಬಿಷಪ್ಪರ ಕಚೇರಿ, ಆಮೇಲೆ ಊರ ಸಭೆ. ನಿಮ್ಮ ಸಭೆಯ ಪರಿಚಯ ಪತ್ರ, ಸೀಲು ಸಮೇತ, ಎರಡು ಪ್ರತಿ ಇಟ್ಟುಕೊಳ್ಳಿ.

ಸಂಜೆ ಮೋಡ ಸರಿದು ಕಿಲಿಮಂಜಾರೋ ತಲೆ ಹೊರಹಾಕಿತು. ಹಗಲೆಲ್ಲ ಮುಸುಕು ಹಾಕಿಕೊಂಡಿರುತ್ತದೆ. ಫೋಟೋ ಬೇಕಾದವರು ಬೆಳಿಗ್ಗೆ ಬೇಗ ಅಥವಾ ಹೊತ್ತು ಮುಳುಗುವಾಗ ನೋಡಬೇಕು. ಅಂಗಳದಲ್ಲಿ ಕೂತು ಅಯ್ಯನವರು ಬೈಬಲ್ ತೆಗೆದರು. ಭಾನುವಾರದ ಪ್ರಸಂಗಕ್ಕೆ ದ್ರಾಕ್ಷಿತೋಟದ ಕೂಲಿಯವರ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ, ಆರಿಸಿಕೊಂಡಿದ್ದರು, ಮತ್ತಾಯ 20. ಹನ್ನೊಂದನೆಯ ತಾಸಿಗೆ ಬಂದವನಿಗೂ ಅದೇ ಕೂಲಿ. ಊರಲ್ಲಿ ಈ ಭಾಗ ಓದಿದಾಗೆಲ್ಲ 'ಹನ್ನೊಂದನೆಯ ತಾಸು ಅಂದರೆ ಸಂಜೆ ಐದು' ಎಂದು ಬಿಡಿಸಿ ಹೇಳಬೇಕು. ಇಲ್ಲಿ ಕಾವಲುಗಾರ ಮುದುಕರನ್ನು ಕೇಳಿದೆವು, ಸಾ ಕುಮಿ ನಾ ಮೋಜಾ, ಅಂದರೆ ಹನ್ನೊಂದು ಗಂಟೆ, ಯಾವ ಹೊತ್ತು ಅಂತ. ಅವರು ಆಗ ತಾನೇ ಬೆಟ್ಟದ ಮೇಲೆ ಕೆಂಪಾಗುತ್ತಿದ್ದ ಬಿಸಿಲು ತೋರಿಸಿ, 'ಈಗ ಸ್ವಲ್ಪ ಮುಂಚೆ ಆಯ್ತಲ್ಲ, ಅದು' ಅಂದರು. ಅಯ್ಯನವರು ಬರೆದಿಟ್ಟಿದ್ದ ಟಿಪ್ಪಣಿಯಲ್ಲಿ ಒಂದು ಪ್ಯಾರಾ ಹೊಡೆದುಹಾಕಿದರು.

ಬಸ್ಸಿನ ಬಗ್ಗೆ ಒಂದೆರಡು ಮಾತು. ದಾರ್ ಎಸ್ ಸಲಾಮ್ ಅಥವಾ ಟಾಂಗಾ ಕಡೆಯ ಬಸ್ಸು ಹತ್ತಿ ಮೊಂಬೊದಲ್ಲಿ ಇಳಿಯಬೇಕು, ಅಲ್ಲಿಂದ ಚಿಕ್ಕ ಗಾಡಿಯಲ್ಲಿ ಮೂವತ್ತು ಚಿಲ್ಲರೆ ಕಿಲೋಮೀಟರ್ ಬೆಟ್ಟ ಹತ್ತುವುದು. ಘಾಟಿ ತಿರುವುಗಳು ಜಾಸ್ತಿ, ವಾಂತಿಯಾಗುವವರು ನಿಂಬೆಹಣ್ಣು ಇಟ್ಟುಕೊಳ್ಳಿ. ಮೊಂಬೊಗೆ ಹೋಗುವ ದಾರಿಯಲ್ಲಿ ಎಡಕ್ಕೆ ಪಾರೆ ಬೆಟ್ಟ, ಆಮೇಲೆ ಕತ್ತಾಳೆ ತೋಟಗಳು. ನಡುವೆ ಬಸ್ಸು ನಿಂತು ಕಂಡಕ್ಟರ್ 'ಕುಚಿಂಬಾ ದಾವಾ' ಎಂದು ಕೂಗಿದರೆ, ಅದರ ಅರ್ಥ ಔಷಧಿ ಅಗೆಯುವುದು ಅಂತ. ಯಾರೂ ಔಷಧಿ ಅಗೆಯುವುದಿಲ್ಲ. ಎಲ್ಲರೂ ಪೊದೆ ಹುಡುಕುತ್ತಾರೆ. ಲುಶೋಟೊದಲ್ಲಿ ಸಭೆಯವರೇ ನಡೆಸುವ ಇರೆಂಟೆ ಫಾರ್ಮ್ ಇದೆ. ಬ್ರೆಡ್ಡು, ಚೀಸು, ಜಾಮ್ ಒಳ್ಳೆಯದು, ಬಿಡಬೇಡಿ.

ರಾತ್ರಿ ಕಾವಲುಗಾರರಿಗೆ ಹೇಳಿ ಮಲಗಿದೆವು, ಹನ್ನೊಂದಕ್ಕೆ ಎಬ್ಬಿಸಿ ಅಂತ. ಅವರು ಬೆಳಿಗ್ಗೆ ಐದಕ್ಕೆ ಸರಿಯಾಗಿ ಬಾಗಿಲು ತಟ್ಟಿದರು. ಬಸ್ಸು ಹೊರಟಾಗ ನನ್ನ ಗಡಿಯಾರದಲ್ಲಿ ಆರೂ ಹತ್ತು. ಟಿಕೆಟ್ ಲೆಕ್ಕದಲ್ಲಿ ಹನ್ನೆರಡೂ ಹತ್ತು. ಅಯ್ಯನವರು ಅಷ್ಟರಲ್ಲೇ ಕಡಲೆಕಾಯಿ ಪೊಟ್ಟಣ ಬಿಚ್ಚಿದ್ದರು.